ಮರಿ ಕೈಗೆ ಬಾಯಿ ಹಾಕಿದರೆ ಏನು ಮಾಡಬೇಕು

ಎರಡು ತಿಂಗಳ ನಾಯಿಮರಿಯ ಬಾಯಲ್ಲಿ 28 ಹಾಲುಹಲ್ಲು, ಒಂದೊಂದೂ ಸೂಜಿಯಂಥದ್ದು. ಅದು ಕಚ್ಚುವುದು ಸಿಟ್ಟಿಗಲ್ಲ. ಒಡಹುಟ್ಟಿದ ಮರಿಗಳ ಜೊತೆ ಆಡುತ್ತಿದ್ದ ಆಟವನ್ನೇ ಈಗ ನಿಮ್ಮ ಕೈಯ ಜೊತೆ ಆಡುತ್ತಿದೆ. ಅಲ್ಲಿ ಜೋರಾಗಿ ಕಚ್ಚಿದರೆ ಎದುರಿನ ಮರಿ ಕುಂಯ್‌ ಎಂದು ಆಟ ಬಿಟ್ಟು ಹೋಗುತ್ತಿತ್ತು. ಎಷ್ಟು ಒತ್ತಿದರೆ ನೋಯುತ್ತದೆ ಎಂದು ಮರಿ ಕಲಿಯುವುದೇ ಹಾಗೆ. ಆದ್ದರಿಂದ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಮುದ್ದಾಗಿದೆ ಎಂದು ತಿಂಗಳ ಮರಿಯನ್ನೇ ಎತ್ತಿಕೊಂಡು ಬಂದಿದ್ದರೆ, ಆ ಪಾಠವನ್ನೂ ನೀವೇ ಹೇಳಿಕೊಡಬೇಕಾಗುತ್ತದೆ.

ಹಲ್ಲು ಚರ್ಮಕ್ಕೆ ತಾಗಿತು ಅಂದುಕೊಳ್ಳಿ. ಕೈ ಎಳೆದುಕೊಳ್ಳಬೇಡಿ. ಓಡುವುದನ್ನು ಹಿಡಿಯುವುದು ನಾಯಿಯ ಹುಟ್ಟುಗುಣ; ಎಳೆದ ಕೈ ಅದರ ಪಾಲಿಗೆ ಓಡುವ ಇಲಿ. ಗೀರು ಬೀಳುವುದೂ ಎಳೆದಾಗಲೇ. ಕೈಯನ್ನು ಇದ್ದಲ್ಲೇ ಸಡಿಲ ಬಿಡಿ, ಮಾತು ನಿಲ್ಲಿಸಿ, ಅದರ ಮುಖ ನೋಡಬೇಡಿ. ಮರಿ ಬಾಯಿ ಬಿಟ್ಟ ಕೂಡಲೇ ಆಟದ ಹಗ್ಗವನ್ನು ನೆಲದ ಮೇಲೆ ಎಳೆದಾಡಿಸಿ, ಅದನ್ನು ಕಚ್ಚಿದರೆ 'ಭೇಷ್' ಅನ್ನಿ. ಹಗ್ಗ ಬಿಟ್ಟು ಮತ್ತೆ ಕೈಗೇ ಬಂದರೆ ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. 30 ಸೆಕೆಂಡ್ ಸಾಕು. ಐದು ನಿಮಿಷ ಬಿಟ್ಟು ಬಂದರೆ ತಾನೇನು ಮಾಡಿದೆ ಎಂಬುದು ಅದಕ್ಕೆ ಮರೆತೇಹೋಗಿರುತ್ತದೆ.

'ಅಯ್ಯೋ' ಎಂದು ಕೂಗಿ ಎಂದು ಹಲವರು ಹೇಳುತ್ತಾರೆ. ಕೆಲವು ಮರಿ ಬೆದರಿ ನಿಲ್ಲುತ್ತವೆ ನಿಜ, ಕೆಲವಕ್ಕೆ ಅದರಿಂದ ಹುರುಪು ಇಮ್ಮಡಿ. ಎರಡು ಸಲ ಮಾಡಿ ನೋಡಿ, ಹುರುಪು ಏರಿದರೆ ಬಿಟ್ಟುಬಿಡಿ. ಮೂತಿಗೆ ತಟ್ಟುವುದು, ಬಾಯಿ ಅದುಮಿ ಹಿಡಿಯುವುದು ಮಾತ್ರ ಬೇಡವೇ ಬೇಡ. ಕೈ ಕಂಡರೆ ಹೆದರುವ ಮರಿ ದೊಡ್ಡದಾದ ಮೇಲೆ ಗುರ್ರೆನ್ನದೆಯೇ ಕಚ್ಚಬಹುದು.

ಪಂಚೆಯ ಅಂಚು, ಸೀರೆಯ ನೆರಿಗೆ, ನೈಟಿಯ ತುದಿ ಮರಿಗೆ ಅಚ್ಚುಮೆಚ್ಚು, ಏಕೆಂದರೆ ನಡೆದಾಗ ಅವು ಅಲ್ಲಾಡುತ್ತವೆ. ಹಿಡಿದರೆ ಅಲ್ಲೇ ನಿಂತುಬಿಡಿ. ಒಂದು ವಾರ ಸೊಂಟದಲ್ಲೊಂದು ಹಗ್ಗದ ತುಂಡು ಸಿಕ್ಕಿಸಿಕೊಂಡು ಓಡಾಡುವುದು ಒಳ್ಳೆಯದು. ಹಳೆ ಚಪ್ಪಲಿ ಕೊಡಬೇಡಿ. ಹಳೆಯದು ಯಾವುದು, ಹೊಸದು ಯಾವುದು ಎಂಬ ಲೆಕ್ಕ ಅದಕ್ಕಿಲ್ಲ.

ಸಂಜೆಯಾದರೆ ಮನೆ ತುಂಬ ಹುಚ್ಚು ಓಟ, ಸಿಕ್ಕಿದ್ದಕ್ಕೆಲ್ಲ ಬಾಯಿ. ಇದಕ್ಕೆ ಇನ್ನಷ್ಟು ಆಡಿಸುವುದು ಮದ್ದಲ್ಲ, ಮರಿಗೆ ನಿದ್ದೆ ಸಾಲದಾಗಿರುತ್ತದೆ. ಈ ವಯಸ್ಸಿನಲ್ಲಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಸುಮಾರು ಒಂದು ಗಂಟೆ ಎಚ್ಚರವಿದ್ದ ಮೇಲೆ ಉಚ್ಚೆಗೆ ಹೊರಗೆ ಕರೆದೊಯ್ದು, ಗದ್ದಲವಿಲ್ಲದ ಮೂಲೆಯಲ್ಲಿ ಮಲಗಿಸಿ. ಕಚ್ಚಾಟದ ಅರ್ಧ ಇದರಲ್ಲೇ ಇಳಿಯುವುದುಂಟು.

ಮೂರೂವರೆ–ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳತೊಡಗಿ ಒಸಡು ನವೆಯುತ್ತದೆ, ನಿಂತಿದ್ದ ಚಟ ಮರಳುತ್ತದೆ. ನಿಮ್ಮ ಪಾಠ ಕೆಟ್ಟಿತೆಂದಲ್ಲ. ಹತ್ತಿಯ ಟವೆಲ್ ನೆನೆಸಿ, ಹಿಂಡಿ, ಗಂಟು ಹಾಕಿ ಫ್ರೀಜರಿನಲ್ಲಿ ಎರಡು ತಾಸು ಇಟ್ಟು ಕೊಡಿ. ನೂಲು ಕಿತ್ತು ನುಂಗದಂತೆ ಪಕ್ಕದಲ್ಲೇ ಇರಿ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ, ಅದು ಬೇಡ. ಆರೇಳು ತಿಂಗಳಿಗೆ 42 ಹಲ್ಲು ಬಂದು ಈ ಕಾಟ ತಗ್ಗುತ್ತದೆ.

ಮನೆಯಲ್ಲಿ ನಾಲ್ವರಿದ್ದು ಮೂವರು ಆಟ ನಿಲ್ಲಿಸಿ, ಒಬ್ಬರು ಮಾತ್ರ ಕೈಬೆರಳಲ್ಲೇ ಆಡಿಸುತ್ತಿದ್ದರೆ ಪಾಠ ಹತ್ತುವುದಿಲ್ಲ. ಆ ಒಬ್ಬರು ಸಾಮಾನ್ಯವಾಗಿ ಅಜ್ಜನೇ! ಮಕ್ಕಳಿಗಂತೂ 'ಓಡಬೇಡ, ಕಿರುಚಬೇಡ, ಕೈಕಟ್ಟಿ ಮರದಂತೆ ನಿಲ್ಲು' ಎಂದು ಕಲಿಸಿ, ದೊಡ್ಡವರಿಲ್ಲದೆ ಮರಿಯ ಜೊತೆ ಬಿಡಬೇಡಿ.

ರೇಬೀಸ್ ಲಸಿಕೆ ಸಾಮಾನ್ಯವಾಗಿ ಮರಿಗೆ ಮೂರು ತಿಂಗಳಾದ ಮೇಲೆ. ಹಾಗಾಗಿ ಚರ್ಮ ತರಚಿದರೆ, ರಕ್ತ ಬಂದರೆ 'ಮರಿ ತಾನೇ' ಎಂದು ಸುಮ್ಮನಾಗಬೇಡಿ: ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ವೈದ್ಯರಿಗೆ ತೋರಿಸಿ. ಅರಿಸಿನ, ಸುಣ್ಣ ಮೆತ್ತಬೇಡಿ. ಮರಿ ಮೈ ಸೆಟೆಸಿ, ಕಣ್ಣು ಕೀಲಿಸಿ, ಊಟದ ಬಟ್ಟಲ ಬಳಿ ಗುರುಗುಟ್ಟಿ ಕಚ್ಚಿದರೆ ಅದು ಆಟವಲ್ಲ, ಪಶುವೈದ್ಯರನ್ನು ಕಾಣಿ.