ಬೆಲ್ಟ್ ಕಟ್ ಆದ ರಾತ್ರಿ ಸಿಗಬೇಕಾದ ಅಂಗಡಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ವೀಡ್ ಕಟರ್, ಸ್ಪ್ರೇಯರ್, ಅಡಿಕೆ ಸುಲಿಯುವ ಮೆಷಿನ್, ಇಷ್ಟೇ ಕೆಲಸ. ನಾನು ಮತ್ತು ಇಬ್ಬರು ಹುಡುಗರು.

ಹೋದ ಸೀಸನ್ನಿನಲ್ಲಿ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಫೋನ್ ಬಂತು. ಹೊಸನಗರದಿಂದ ಆಚೆ, ನಗರ ಅನ್ನುವ ಊರಿನ ಕಡೆಯವರು. ಯಾವತ್ತೂ ಕೇಳಿದ ದನಿಯಲ್ಲ. "ಅಂಗಳದಲ್ಲಿ ಹಸಿ ಅಡಿಕೆ ಬಿದ್ದಿದೆ. ಸುಲಿಯೋ ಮೆಷಿನ್ ಬೆಲ್ಟ್ ಕಟ್ ಆಯ್ತು. ನಾಳೆ ಬೇಯಿಸೋಕೆ ಜನ ಹೇಳಿದೀನಿ. ಎಂತ ಮಾಡೋದು ಮಾರಾಯ್ರೆ?"

ಕೆಂಪಡಿಕೆ ಮಾಡುವವರಿಗೆ ಈ ಗಾಬರಿ ಗೊತ್ತು. ಹಸಿ ಕಾಯಿ ಕೊಯ್ದ ಮೇಲೆ ಕಾಯುವಂತಿಲ್ಲ. ಸುಲಿಯಬೇಕು, ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬೇಯಿಸಬೇಕು, ಒಣಗಿಸಬೇಕು. ಮೊದಲೆಲ್ಲ ಊರಿನ ಹತ್ತು ಹದಿನೈದು ಜನ ಮೆಟ್ಟುಗತ್ತಿ ಮುಂದಿಟ್ಟುಕೊಂಡು ರಾತ್ರಿ ಕೂತು ಸುಲಿದು ಮುಗಿಸುತ್ತಿದ್ದರು. ಈಗ ಅಷ್ಟು ಜನ ಎಲ್ಲಿ ಸಿಗುತ್ತಾರೆ? ಮೆಷಿನ್ ನಿಂತರೆ ಕೆಲಸವೇ ನಿಂತ ಹಾಗೆ.

"ಬೆಲ್ಟಿನ ಮೇಲೆ ಏನು ಬರೆದಿದೆ ನೋಡಿ" ಅನ್ನುವುದರೊಳಗೆ ಅವರೇ ಹೇಳಿದರು, "ಬಿ 52 ಅಂತ ಇದೆ. ನಿಮ್ಮ ವೆಬ್‌ಸೈಟಲ್ಲಿ ಬರೆದಿದ್ರಲ್ಲ, ಹಾಗೇ ಒರೆಸಿ ನೋಡಿದೆ." ನನ್ನ ಫೋನ್ ನಂಬರ್ ಎಲ್ಲಿ ಸಿಕ್ತು ಅಂತ ಕೇಳಿದೆ. ಫೋನಿಗೇ ಬಾಯಲ್ಲಿ ಹೇಳಿದ್ದರಂತೆ, ಅಡಿಕೆ ಸುಲಿಯುವ ಮೆಷಿನ್ ಬೆಲ್ಟ್ ಕಟ್ ಆಗಿದೆ ಅಂತ. ನನ್ನ ಪುಟ ಬಂತಂತೆ.

ಆ ಪುಟದಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಬೆಲ್ಟಿನ ಮೇಲೆ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಅಕ್ಷರ ಅಂದರೆ ಬೆಲ್ಟಿನ ಅಗಲ: ಎ ಆದರೆ ಮೇಲ್ಭಾಗ 13 ಮಿಲಿಮೀಟರ್ ಅಗಲ, ಬಿ ಆದರೆ 17. ಸಂಖ್ಯೆ ಅಂದರೆ ಒಳಸುತ್ತಿನ ಉದ್ದ, ಇಂಚಿನಲ್ಲಿ. ಅಷ್ಟು ಗೊತ್ತಿದ್ದರೆ ನನ್ನ ಅಂಗಡಿಗೇ ಬರಬೇಕೆಂದಿಲ್ಲ. ಹಿಟ್ಟಿನ ಗಿರಣಿಗೂ ಇಂಥದೇ ಬೆಲ್ಟು. ಪಕ್ಕದ ಊರಿನ ಗಿರಣಿಯವರನ್ನು ಕೇಳಿ ಅಂದೆ. ಬೆಳಗ್ಗೆ ಏಳಕ್ಕೆ ಮತ್ತೆ ಫೋನ್ ಬಂತು. ಬೆಲ್ಟ್ ಸಿಕ್ಕಿತ್ತು, ಮೆಷಿನ್ ತಿರುಗುತ್ತಿತ್ತು.

ಆ ರಾತ್ರಿ ನನಗೆ ಒಂದು ರೂಪಾಯಿ ವ್ಯಾಪಾರ ಆಗಲಿಲ್ಲ. ಆದರೆ ಫೆಬ್ರವರಿಯಲ್ಲಿ ಅವರು ಆ ಮೆಷಿನ್ನನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಸರ್ವಿಸ್‌ಗೆ ತಂದರು. ಜೊತೆಗೆ ಅಣ್ಣನ ಮನೆಯ ಎರಡು ವೀಡ್ ಕಟರ್. ಅವರು ನನ್ನ ಒಂದೂ ರೀಲ್ಸ್ ನೋಡಿದವರಲ್ಲ.

ಅದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೂರು ವರ್ಷ ನಾನು ಮಾಡಿದ್ದು ಬರೀ ವಿಡಿಯೊ. 2019ರಲ್ಲಿ ಶುರು ಮಾಡಿದ್ದೆ. ಕಾರ್ಬುರೇಟರ್ ಬಿಚ್ಚುವುದು, ಬ್ಲೇಡ್ ಹರಿತ ಮಾಡುವುದು, ಹೀಗೆ. ಹನ್ನೊಂದು ಸಾವಿರ ಜನ ಫಾಲೋ ಮಾಡುತ್ತಿದ್ದರು. ಖುಷಿ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಗಿರಾಕಿಗಳೂ ಬಂದರು. 2022ರ ಸೆಪ್ಟೆಂಬರಿನಲ್ಲಿ ಒಂದು ಮೆಸೇಜ್ ಬಂತು. ನಿಮ್ಮ ವಿಡಿಯೊದಲ್ಲಿ ಬೇರೆಯವರ ಹಾಡಿದೆ, 24 ಗಂಟೆಯೊಳಗೆ ಉತ್ತರ ಕೊಡದಿದ್ದರೆ ಖಾತೆ ಮುಚ್ಚುತ್ತೇವೆ ಅಂತ. ಕೆಳಗೆ ಒಂದು ಲಿಂಕ್. ಕಂಪನಿಯವರೇ ಕಳಿಸಿದ್ದು ಅಂದುಕೊಂಡು ಪಾಸ್‌ವರ್ಡ್ ಹಾಕಿದೆ. ಸಂಜೆಯ ಹೊತ್ತಿಗೆ ಖಾತೆ ನನ್ನ ಕೈಯಲ್ಲಿ ಇರಲಿಲ್ಲ. ನನ್ನ ಅಂಗಡಿಯ ಹೆಸರಿನಲ್ಲಿ ಯಾರೋ "ದುಡ್ಡು ಡಬಲ್" ಅಂತ ಹಾಕುತ್ತಿದ್ದರು. ಎಲ್ಲಿಗೆ ಬರೆದರೂ ಮನುಷ್ಯರ ಉತ್ತರ ಬರಲಿಲ್ಲ. ಅಡಿಕೆ ಕೊಯ್ಲು ಶುರುವಾಗುವ ಹೊತ್ತು. ಮೂರು ವರ್ಷದ ವಿಡಿಯೊ, ಜನ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಎಲ್ಲಾ ಹೋಯಿತು. ಎರಡು ಹಂತದ ಪರಿಶೀಲನೆ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ದಯವಿಟ್ಟು ಇವತ್ತೇ ಅದನ್ನು ಆನ್ ಮಾಡಿಕೊಳ್ಳಿ. ನಾನು ಮಾಡಿರಲಿಲ್ಲ.

ಆವಾಗ ಯೋಚನೆ ಮಾಡಿದೆ. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಟಿಕ್‌ಟಾಕ್ ಕೂಡ ಅದರಲ್ಲಿತ್ತು. ಅದನ್ನೇ ನಂಬಿ ಜನ ಕೂಡಿಸಿಕೊಂಡವರಿಗೆ ಒಂದೇ ದಿನದಲ್ಲಿ ಎಲ್ಲ ಮುಗಿಯಿತು. ಮರುವರ್ಷ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಹೆಚ್ಚುಕಡಿಮೆ ಆರು ಗಂಟೆ ನಿಂತವು. ಯಾರದೂ ತಪ್ಪಿರಬೇಕು ಅಂತೇನಿಲ್ಲ. ಬೇರೆಯವರ ಜಾಗದಲ್ಲಿ ಗೂಡಂಗಡಿ ಇಟ್ಟರೆ, ಜಾಗದವರು ಏಳು ಅಂದ ದಿನ ಏಳಬೇಕು.

ಆದರೆ ಖಾತೆ ಹೋಗುತ್ತದೆ ಅನ್ನುವ ಹೆದರಿಕೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ನನಗೆ ತಡವಾಗಿ ತಿಳಿಯಿತು. ನಾನು ಸ್ಪ್ರೇಯರ್ ವಿಡಿಯೊ ಹಾಕಿದ ದಿನ ಅದನ್ನು ನೋಡಿದವರಿಗೆ ಸ್ಪ್ರೇಯರ್ ಬೇಕಿರಲಿಲ್ಲ. ಅವರ ನಾಝಲ್ ಕಟ್ಟಿಕೊಂಡ ದಿನ ನನ್ನ ವಿಡಿಯೊ ಎಲ್ಲೋ ಕೆಳಗೆ ಹೋಗಿ ಹೂತಿತ್ತು. ನಮ್ಮಂಥ ಅಂಗಡಿಗೆ ಜನ ಬೇಜಾರು ಕಳೆಯಲು ಬರುವುದಿಲ್ಲ. ಏನೋ ನಿಂತಾಗ ಬರುತ್ತಾರೆ. ಆ ಹೊತ್ತಿಗೆ ಅವರ ಕೈಗೆ ಸಿಗಬೇಕು, ಅಲ್ವಾ?

ನನ್ನ ಮೊದಲ ವೆಬ್‌ಸೈಟ್ ನಾನು ಮಾಡಿದ್ದಲ್ಲ. ಒಬ್ಬರಿಗೆ 18,000 ರೂಪಾಯಿ ಕೊಟ್ಟು ಮಾಡಿಸಿದೆ. ನೋಡಲು ಚೆನ್ನಾಗಿತ್ತು. ಮೇಲೆ ಯಾವುದೋ ದೇಶದ ಟ್ರ್ಯಾಕ್ಟರ್ ಓಡುತ್ತಿತ್ತು. ಕನ್ನಡದ ಮಾತನ್ನು ಹಳೇ ಫಾಂಟಿನಲ್ಲಿ ಟೈಪ್ ಮಾಡಿ, ಚಿತ್ರ ಮಾಡಿ ಅಂಟಿಸಿದ್ದರು. ಚಿತ್ರದೊಳಗಿನ ಅಕ್ಷರವನ್ನು ನಂಬಿಕೊಂಡರೆ ಹುಡುಕಿದವರಿಗೆ ಸಿಗುವುದಿಲ್ಲ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಅಕ್ಷರವೇ ಆಗಬೇಕು, ಈಗ ಫೋನಿನಲ್ಲಿ ನಾವೆಲ್ಲ ಟೈಪ್ ಮಾಡುತ್ತೇವಲ್ಲ, ಅದೇ. ಅದಕ್ಕಿಂತ ದೊಡ್ಡ ತಪ್ಪು ಎಂದರೆ ಡೊಮೈನ್, ಅಂದರೆ ವೆಬ್‌ಸೈಟಿನ ಹೆಸರು, ಅವರ ಹೆಸರಿನಲ್ಲೇ ನೋಂದಣಿ ಆಗಿತ್ತು. ಒಂದು ವರ್ಷ ಕಳೆಯಿತು, ನವೀಕರಣ ಆಗಲಿಲ್ಲ, ಅವರ ಫೋನ್ ಸಿಗಲಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾಗಿದ್ದ ವಿಳಾಸ ಸತ್ತುಹೋಯಿತು.

ಎರಡನೆಯದನ್ನು ಅಕ್ಕನ ಮಗಳು ಮತ್ತು ನಾನು ಕೂತು ಮಾಡಿದೆವು. ಅವಳು ಆಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಅವಳ ಮೊದಲ ಷರತ್ತೇ ಇದು: "ಮಾವ, ಡೊಮೈನ್ ನಿನ್ನ ಹೆಸರಲ್ಲಿ, ನಿನ್ನ ಇಮೇಲ್‌ನಲ್ಲಿ, ನಿನ್ನ ದುಡ್ಡಲ್ಲೇ ತಗೋಬೇಕು. ನನ್ನ ಹೆಸರಲ್ಲೂ ಬೇಡ." ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಏಳೆಂಟು ನೂರು ರೂಪಾಯಿ ಬಿತ್ತು. ವೆಬ್‌ಸೈಟ್ ಇಡುವ ಜಾಗದ ಬಾಡಿಗೆ, ಅಂದರೆ ಹೋಸ್ಟಿಂಗ್, ವರ್ಷಕ್ಕೆ ಮೂರು ಸಾವಿರ. ಕಟ್ಟಿದ್ದು ವರ್ಡ್‌ಪ್ರೆಸ್‌ನಲ್ಲಿ, ಆ ಸಾಫ್ಟ್‌ವೇರ್ ಉಚಿತ. ವಿಳಾಸ https ಅಂತ ಶುರುವಾಗುವ ಹಾಗೆ ಮಾಡುವ ಸುರಕ್ಷತೆಯ ಸರ್ಟಿಫಿಕೇಟ್ ಇರುತ್ತದಲ್ಲ, ಅದನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ದುಡ್ಡಿಲ್ಲದೆ ಕೊಡುತ್ತದೆ. ನಮ್ಮಂಥ ಸಣ್ಣ ಅಂಗಡಿಗೆ ಅಷ್ಟು ಸಾಕು.

ಡೊಮೈನಿಗೆ ದುಡ್ಡು ಯಾಕೆ, ಉಚಿತವಾಗಿ ಎಲ್ಲೋ ಪುಟ ಸಿಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಗೂಗಲ್ ಅಂಗಡಿಯವರಿಗೆ ಅಂಥ ಪುಟಗಳನ್ನು ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಸ್ವಂತ ಹೆಸರು ಇದ್ದವರು ಅದನ್ನು ಬೇರೆ ಕಡೆಗೆ ತಿರುಗಿಸಿಕೊಂಡರೆ ಆಯಿತು. ಹೆಸರು ನಮ್ಮದಾಗಿದ್ದರೆ ಮನೆ ಬದಲಾಯಿಸಬಹುದು, ವಿಳಾಸ ಬದಲಾಗುವುದಿಲ್ಲ.

ಏನು ಬರೆಯಬೇಕು ಅನ್ನುವುದೇ ನಿಜವಾದ ಕೆಲಸ. ಅದಕ್ಕೆ ನಾನು ಮಾಡಿದ್ದು ಸುಲಭದ ಉಪಾಯ. ಎರಡು ತಿಂಗಳು ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಫೋನಿನಲ್ಲಿ ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆದೆ. ಕೊನೆಗೆ ನೋಡಿದರೆ ಹತ್ತು ಹನ್ನೆರಡು ಪ್ರಶ್ನೆಗಳೇ ಮತ್ತೆ ಮತ್ತೆ. ಒಂದೊಂದಕ್ಕೆ ಒಂದೊಂದು ಪುಟ ಮಾಡಿದೆವು.

ಎಲ್ಲಕ್ಕಿಂತ ಜಾಸ್ತಿ ಓದಿಸಿಕೊಳ್ಳುವುದು ವೀಡ್ ಕಟರ್‌ಗೆ ಆಯಿಲ್ ಎಷ್ಟು ಹಾಕಬೇಕು ಅನ್ನುವ ಪುಟ. ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಮೆಷಿನ್ನಿನ ಪುಸ್ತಕದಲ್ಲಿ 25ಕ್ಕೆ 1 ಅಂತ ಇದ್ದರೆ ಲೀಟರಿಗೆ 40 ಮಿಲಿಲೀಟರ್, 50ಕ್ಕೆ 1 ಅಂತ ಇದ್ದರೆ 20. ಫೋರ್ ಸ್ಟ್ರೋಕ್‌ಗೆ ಬೆರೆಸಲೇಬಾರದು, ಅದಕ್ಕೆ ಆಯಿಲ್ ಬೇರೆಯೇ ಜಾಗದಲ್ಲಿ ಹಾಕುವುದು. ಇದು ಗೊತ್ತಿಲ್ಲದೆ ಎಷ್ಟು ಮೆಷಿನ್ ಪಿಸ್ಟನ್ ಜಾಮ್ ಆಗಿ ನನ್ನ ಬೆಂಚಿಗೆ ಬಂದಿವೆ! ರಿಪೇರಿಯವನಿಗೆ ಅದು ಲಾಭ ಅಲ್ವಾ ಅಂತ ಕೇಳಿದವರಿದ್ದಾರೆ. ಮೆಷಿನ್ ಸುಟ್ಟವರ ಮುಖ ನೋಡಿದರೆ ಹಾಗೆ ಅನಿಸುವುದಿಲ್ಲ.

ಎರಡನೆಯದು ಬೋರ್ಡೋ ದ್ರಾವಣ ಹೊಡೆದ ಮೇಲೆ ಸ್ಪ್ರೇಯರ್ ತೊಳೆಯುವುದು. ಅಡಿಕೆಯ ಕೊಳೆರೋಗಕ್ಕೆ ನಾವೆಲ್ಲ ಅದನ್ನು ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣ ನಾಝಲ್ಲಿನಲ್ಲಿ ಕಟ್ಟುತ್ತದೆ. ಅವತ್ತೇ ಬರೀ ನೀರು ಹಾಕಿ ಪಂಪ್ ಓಡಿಸಿಬಿಟ್ಟರೆ ಅರ್ಧ ರಿಪೇರಿ ಉಳಿಯುತ್ತದೆ. ಈ ಪುಟವನ್ನು ಮೇ ಮೊದಲ ವಾರ ಮುಖಪುಟದ ಮೇಲಕ್ಕೆ ತರುತ್ತೇನೆ. ಗಣಪತಿ ಹಬ್ಬ ಮುಗಿಯುತ್ತಲೇ ಸುಲಿಯುವ ಮೆಷಿನ್ ಮೇಲಕ್ಕೆ ಬರುತ್ತದೆ. ಪುಟ ಅದೇ, ಸೀಸನ್ನಿಗೆ ತಕ್ಕ ಹಾಗೆ ಜಾಗ ಬದಲಾಗುತ್ತದೆ ಅಷ್ಟೇ.

ಪದಗಳ ವಿಷಯದಲ್ಲಿ ಹಟ ಬೇಡ. ನಾನು ವೀಡ್ ಕಟರ್ ಅನ್ನುತ್ತೇನೆ, ಜನ ಹುಲ್ಲು ಹೊಡೆಯುವ ಮೆಷಿನ್ ಅನ್ನುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕುವವರೂ ಬಹಳ. ಎಲ್ಲವನ್ನೂ ಪುಟದಲ್ಲಿ ಒಂದೊಂದು ಕಡೆ ಬರುವಂತೆ ಬರೆದೆ. ಸರ್ಚ್ ಕನ್ಸೋಲ್ ಅಂತ ಗೂಗಲ್‌ನ ಉಚಿತ ಸಾಧನ ಒಂದಿದೆ. ಯಾವ ಮಾತು ಹುಡುಕಿದಾಗ ನಮ್ಮ ಪುಟ ಬಂತು ಅಂತ ಅದು ತೋರಿಸುತ್ತದೆ. ಅದರಲ್ಲಿ ಪದೇ ಪದೇ "ಗೋಟು ಸುಲಿಯುವ ಮೆಷಿನ್" ಅಂತ ಕಂಡಿತು. ಗೋಟು ಅಂದರೆ ಸಿಪ್ಪೆ ಸಮೇತ ಒಣಗಿಸಿದ ಅಡಿಕೆ. ನಾನು ಇಟ್ಟಿದ್ದೆಲ್ಲ ಹಸಿ ಕಾಯಿಯದು. ಒಣ ಗೋಟಿಗೆ ಬೇರೆಯೇ ಮೆಷಿನ್ ಬೇಕು. ಅಂಥವರು ಇಷ್ಟು ಜನ ಇದ್ದಾರೆ ಅಂತ ಅಂಗಡಿಯಲ್ಲಿ ಕೂತು ನನಗೆ ಗೊತ್ತಾಗುತ್ತಿರಲಿಲ್ಲ. ಲೈಕ್ ಎಷ್ಟು ಬಂದರೂ ಈ ಮಾಹಿತಿ ಅಲ್ಲಿ ಸಿಗುವುದಿಲ್ಲ.

ಇನ್ನೊಂದು ನಮ್ಮ ಕಡೆಯ ಕಷ್ಟ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಇದ್ದರೂ ಒಂದು ಕಡ್ಡಿ ಸಿಗ್ನಲ್. ಫೋನಿನಲ್ಲಿ ತೆಗೆದ ಫೋಟೊ ಒಂದೊಂದೂ ಮೂರು ನಾಲ್ಕು ಎಂಬಿ ಇತ್ತು, ಅದನ್ನು ನೂರು ಕೆಬಿಯ ಒಳಗೆ ಇಳಿಸಿದೆವು. ತನ್ನಷ್ಟಕ್ಕೆ ಓಡುವ ವಿಡಿಯೊ ತೆಗೆದುಹಾಕಿದೆವು. ಫೋನ್ ನಂಬರ್ ಪುಟದ ಮೇಲೆಯೇ, ಮುಟ್ಟಿದರೆ ಕರೆ ಹೋಗುವ ಹಾಗೆ. ಆಗುಂಬೆ ರಸ್ತೆಯಲ್ಲಿ ಸಿಗ್ನಲ್ ಸರಿಯಿಲ್ಲದ ಒಂದು ತಿರುವಿನಲ್ಲಿ ಬೈಕ್ ನಿಲ್ಲಿಸಿ ಪರೀಕ್ಷೆ ಮಾಡಿದೆ. ಪುಟ ತೆರೆಯಿತು. ಅವತ್ತು ಮಳೆಯಲ್ಲಿ ನೆನೆದರೂ ಖುಷಿಯಾಯಿತು.

ರೇಟು ಹಾಕಬೇಕೋ ಬೇಡವೋ ಅನ್ನುವುದರ ಬಗ್ಗೆ ಮನೆಯಲ್ಲೇ ಚರ್ಚೆ ಆಯಿತು. ಅಕ್ಕಪಕ್ಕದ ಅಂಗಡಿಯವರೂ ಬೇಡ ಅಂದರು. ನಾನು ಕೂಲಿ ರೇಟು ಹಾಕಿದೆ. ಕಾರ್ಬುರೇಟರ್ ಕ್ಲೀನ್ ಮಾಡಲು ಇಷ್ಟು, ಬೇರಿಂಗ್ ಬದಲಿಸಲು ಇಷ್ಟು, ಸ್ಪೇರ್‌ಗೆ ಬೇರೆ ಅಂತ. ಎರಡು ತಾಲ್ಲೂಕು ದಾಟಿ ಮೆಷಿನ್ ಹೊತ್ತು ತರುವವರಿಗೆ ಅಂದಾಜು ಬೇಕೇ ಬೇಕು. ಚೌಕಾಸಿ ಕಡಿಮೆ ಆಯಿತು. ಬರೀ ರೇಟು ಕೇಳುವ ಫೋನೂ ಕಡಿಮೆ ಆಯಿತು. ನನ್ನ ಹುಡುಗರಿಗೆ ಕೈ ಬಿಡುವಾಯಿತು. ಒಂದು ಎಚ್ಚರ: ರೇಟು ಬದಲಾದ ದಿನವೇ ಪುಟದಲ್ಲೂ ಬದಲಾಗಬೇಕು. ಒಮ್ಮೆ ಮರೆತಿದ್ದೆ. ಪುಟದಲ್ಲಿದ್ದ ಹಳೇ ರೇಟನ್ನೇ ತೆಗೆದುಕೊಂಡೆ, ಅದೇ ಸರಿ.

ವಿಡಿಯೊ ಬಿಟ್ಟಿಲ್ಲ. ಹೊಸ ಖಾತೆ ತೆರೆದಿದ್ದೇನೆ, ಹಾಕುತ್ತೇನೆ. ವಾಟ್ಸಾಪ್ ಇಲ್ಲದೆ ನಮ್ಮ ವ್ಯಾಪಾರ ನಡೆಯುವುದೇ ಇಲ್ಲ. ಆದರೆ ಕ್ರಮ ತಿರುಗಿದೆ. ಮೊದಲು ವೆಬ್‌ಸೈಟಿನಲ್ಲಿ ಪೂರ್ತಿ ಬರೆಯುತ್ತೇನೆ, ಆಮೇಲೆ ಅದರ ಒಂದು ತುಂಡನ್ನು ವಿಡಿಯೊ ಮಾಡಿ ಪುಟದ ಲಿಂಕ್ ಕೊಡುತ್ತೇನೆ. ಯಾರಾದರೂ ಫೋನಿನಲ್ಲಿ ಕೇಳಿದರೆ ವಾಟ್ಸಾಪಿನಲ್ಲಿ ಅದೇ ಲಿಂಕ್ ಕಳಿಸುತ್ತೇನೆ. ಅವರು ಅದನ್ನು ಊರಿನ ಗುಂಪಿಗೆ ಹಾಕುತ್ತಾರೆ. ತಿಂಗಳಿಗೊಮ್ಮೆ ಇಡೀ ವೆಬ್‌ಸೈಟಿನ ನಕಲನ್ನು ಪೆನ್‌ಡ್ರೈವಿಗೆ ಇಳಿಸುತ್ತೇನೆ. ಡೊಮೈನ್ ನವೀಕರಣದ ತಾರೀಕು ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿದೆ, ಆಯುಧಪೂಜೆಯ ಎರಡು ಮನೆ ಕೆಳಗೆ.

ಒಂದು ಮಾತು ಮುಚ್ಚಿಡಬಾರದು. ಮೊದಲ ಆರು ತಿಂಗಳು ವೆಬ್‌ಸೈಟಿಗೆ ಯಾರೂ ಬರಲಿಲ್ಲ ಅನ್ನಬೇಕು. ದಿನಕ್ಕೆ ಇಬ್ಬರು ಮೂವರು, ಅದರಲ್ಲಿ ಒಬ್ಬ ನಾನೇ. ರೀಲ್ಸ್ ಹಾಕಿದರೆ ಸಂಜೆಯೇ ಲೆಕ್ಕ ಸಿಗುತ್ತದೆ, ಇದರಲ್ಲಿ ಹಾಗಿಲ್ಲ. ಅಡಿಕೆ ಸಸಿ ನೆಟ್ಟವರಿಗೆ ಕಾಯುವುದು ಹೊಸದಲ್ಲ ಅಂತ ಅಕ್ಕನ ಮಗಳೇ ನನಗೆ ಧೈರ್ಯ ಹೇಳಿದಳು. ಮುಂದಿನ ಕೊಯ್ಲಿನ ಹೊತ್ತಿಗೆ ದಿನಕ್ಕೆ ಮೂವತ್ತು ನಲವತ್ತು ಜನ ಬರತೊಡಗಿದರು. ಸಾವಿರದ ಲೆಕ್ಕದಲ್ಲಿ ಲೈಕ್ ನೋಡಿದವನಿಗೆ ಅದು ಸಣ್ಣ ಸಂಖ್ಯೆ. ಆದರೆ ಆ ನಲವತ್ತು ಜನರ ಮನೆಯಲ್ಲೂ ಏನೋ ಒಂದು ನಿಂತಿರುತ್ತದೆ.

ಈ ವಾರ ಗೋಟು ಮೆಷಿನ್ನಿನ ಪುಟ ಬರೆಯುತ್ತಿದ್ದೇನೆ. ಶಿವಮೊಗ್ಗಕ್ಕೆ ಹೋಗಿ ಎರಡು ಮಾದರಿ ಓಡಿಸಿ ನೋಡಿ ಬಂದೆ. ಫೋಟೊ ಆಗಿದೆ. ಎಷ್ಟು ಒಣಗಿದ ಗೋಟು ಒಡೆಯದೆ ಬರುತ್ತದೆ ಅನ್ನುವುದನ್ನು ಇನ್ನೂ ನೋಡಬೇಕು. ಪಕ್ಕದ ಮನೆಯ ಗೌಡರು ಒಂದು ಚೀಲ ಕೊಡುತ್ತೇನೆ ಅಂದಿದ್ದಾರೆ.