ಗೋಡೆ ತಳ್ಳಿದ್ದು ಕರೆಂಟೋ, ಕಾವೋ?

ಸಾಕಷ್ಟು ಕರೆಂಟ್ ಹರಿಸಿದರೆ ಕಾಂತೀಯ ತಂತಿಯೊಳಗಿನ ಡೊಮೈನ್ ಗೋಡೆ (ಕಾಂತತೆ ಒಂದು ದಿಕ್ಕಿಗಿರುವ ಭಾಗಕ್ಕೂ ಅದರ ಉಲ್ಟಾ ದಿಕ್ಕಿಗಿರುವ ಭಾಗಕ್ಕೂ ನಡುವಿನ ಗಡಿ) ಹೇಗಾದರೂ ಅಲ್ಲಾಡುತ್ತದೆ. ಅದನ್ನು ತಳ್ಳಿದ್ದು ಕರೆಂಟೋ, ಕರೆಂಟಿನ ಕಾವೋ ಅಂತ ಪತ್ತೆ ಹಚ್ಚುವುದೇ ಮುಂಬಯಿಯ ಪವಾಯಿ ಲ್ಯಾಬಿನಲ್ಲಿ ನನ್ನ ಅರ್ಧ ಕೆಲಸ.

ತಂತಿ ಅಂದರೆ ಸಿಲಿಕಾನ್ ಚಿಪ್ ಮೇಲೆ 3 ನ್ಯಾನೋಮೀಟರ್ ಪ್ಲಾಟಿನಂ, ಅದರ ಮೇಲೆ 0.6 ನ್ಯಾನೋಮೀಟರ್ ಕೋಬಾಲ್ಟ್, ಮೇಲೊಂದು ಅಲ್ಯೂಮಿನಿಯಂ ಆಕ್ಸೈಡ್ ಮುಚ್ಚಳ. ಅಗಲ 1 ಮೈಕ್ರೋಮೀಟರ್. ಇನ್ನೂ ಕಿರಿದು ಮಾಡಬಹುದು, ಆದರೆ ಆಗ ಕೆರ್ ಮೈಕ್ರೋಸ್ಕೋಪಿನಲ್ಲಿ (ಬೆಳಕು ಬಿಟ್ಟು ಕಾಂತತೆಯ ದಿಕ್ಕು ನೋಡುವ ಸೂಕ್ಷ್ಮದರ್ಶಕ) ಏನೂ ಸರಿಯಾಗಿ ಕಾಣುವುದಿಲ್ಲ. ಮುಂಬಯಿ ಮಳೆಗಾಲದಲ್ಲಿ ಚಿಪ್ಪನ್ನು ಹಾಟ್ ಪ್ಲೇಟ್ ಮೇಲಿಟ್ಟು ತೇವ ಓಡಿಸದೆ ನಾನು ರೆಸಿಸ್ಟ್ (ತಂತಿಯ ಆಕಾರ ಮೂಡಿಸಲು ಬಳಿಯುವ ಪದರ) ಹಾಕುವುದೇ ಇಲ್ಲ.

ಈ ತಂತಿಯಲ್ಲಿ 3.6 ಮಿಲಿಆಂಪಿಯರ್ ಹರಿದರೆ ಪ್ರತಿ ಚದರ ಮೀಟರಿಗೆ 10¹² ಆಂಪಿಯರ್ ಆಯಿತು. ಮನೆಯ 1 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿಯುತ್ತದೆ ಅನ್ನಿ, ಅದರ ಲಕ್ಷ ಪಟ್ಟು! ಸುಮ್ನೆ ಬಿಟ್ಟರೆ ತಂತಿ ಸುಟ್ಟೇ ಹೋಗುತ್ತದೆ. ಅದಕ್ಕೇ ಕೆಲವು ನ್ಯಾನೋಸೆಕೆಂಡಿನ ಪಲ್ಸ್. ಪಲ್ಸ್ ಜನರೇಟರಿನ ಪರದೆ ತೋರಿಸುವ ವೋಲ್ಟೇಜನ್ನು ನಾನು ನಂಬುವುದಿಲ್ಲ. ತಂತಿಯ ರೆಸಿಸ್ಟೆನ್ಸ್ ಸುಮಾರು 1 ಕಿಲೋಓಮ್, ಕೇಬಲ್ 50 ಓಮ್‌ನದು. ಇವೆರಡೂ ಹೊಂದದೆ ಪಲ್ಸಿನ ಬಹುಪಾಲು ವಾಪಸ್ ಬರುತ್ತದೆ. ತಂತಿ ದಾಟಿ ಬಂದ ಪಲ್ಸನ್ನು ಆಸಿಲೋಸ್ಕೋಪಿನ 50 ಓಮ್ ಮೇಲೆ ನೋಡುತ್ತೇನೆ. 0.18 ವೋಲ್ಟ್ ಕಂಡರೆ 3.6 ಮಿಲಿಆಂಪಿಯರ್ ಹರಿದಿದೆ ಅಂತ ಲೆಕ್ಕ. ಪಲ್ಸ್ ಇರುವಾಗಲೇ ಆ ಗೆರೆ ಇಳಿಯುತ್ತಾ ಹೋದರೆ ಪ್ಲಾಟಿನಂ ಬಿಸಿಯಾಗಿ ಅದರ ರೆಸಿಸ್ಟೆನ್ಸ್ ಏರುತ್ತಿದೆ ಅಂತ ಅರ್ಥ. ಪುಕ್ಕಟೆ ಥರ್ಮಾಮೀಟರ್!

ಪಲ್ಸಿಗೆ ಮುಂಚೆ ಒಂದು ಚಿತ್ರ, ಆಮೇಲೆ ಒಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಗೋಡೆ ಸರಿದಷ್ಟು ಜಾಗ ಬಿಳಿ ಪಟ್ಟಿಯಾಗಿ ಉಳಿಯುತ್ತದೆ. ಈಗ ಪಲ್ಸಿನ ದಿಕ್ಕು ತಿರುಗಿಸಬೇಕು. ಕಾವಿಗೆ ಪ್ಲಸ್ಸು ಮೈನಸ್ಸು ಇಲ್ಲ ಅಲ್ವಾ? ಗೋಡೆ ಬಂದ ದಾರಿಯಲ್ಲೇ ವಾಪಸ್ ಹೋದರೆ ಬರೀ ಕಾವಿನ ಕೆಲಸ ಅಲ್ಲ. ಆದರೆ ಕರೆಂಟ್ ಹುಟ್ಟಿಸುವ ಕಾಂತಕ್ಷೇತ್ರವೂ ದಿಕ್ಕು ಬದಲಿಸುತ್ತದೆ. ಹಾಗಾಗಿ ನನಗೆ ಜಾಸ್ತಿ ನಂಬಿಕೆ ಇರುವುದು ಇನ್ನೊಂದು ಪರೀಕ್ಷೆಯ ಮೇಲೆ: ಒಂದೇ ತಂತಿಯಲ್ಲಿ ಎರಡು ಗೋಡೆ ಇಡುವುದು. ಒಂದರಲ್ಲಿ ಕಾಂತತೆ ಮೇಲಿನಿಂದ ಕೆಳಕ್ಕೆ ತಿರುಗುತ್ತದೆ, ಇನ್ನೊಂದರಲ್ಲಿ ಕೆಳಗಿನಿಂದ ಮೇಲಕ್ಕೆ. ಕಾಂತಕ್ಷೇತ್ರ ತಳ್ಳಿದರೆ ಇವು ಪರಸ್ಪರ ಹತ್ತಿರ ಬರುತ್ತವೆ, ಇಲ್ಲಾ ದೂರ ಹೋಗುತ್ತವೆ. ಕರೆಂಟ್ ತಳ್ಳಿದರೆ ಎರಡೂ ಒಂದೇ ಕಡೆಗೆ ಹೊರಡುತ್ತವೆ.

ಯಾವ ಕಡೆಗೆ ಅನ್ನುವುದರಲ್ಲೇ ಸ್ವಾರಸ್ಯ. 2004ರಲ್ಲಿ ಯಾಮಾಗುಚಿ ಮತ್ತು ಜೊತೆಗಾರರು ಪರ್ಮಲಾಯ್ (ನಿಕ್ಕೆಲ್-ಕಬ್ಬಿಣದ ಮಿಶ್ರಲೋಹ) ತಂತಿಯಲ್ಲಿ ಗೋಡೆ ಎಲೆಕ್ಟ್ರಾನ್ ಹರಿಯುವ ಕಡೆಗೇ ಹೋಗುವುದನ್ನು ತೋರಿಸಿದ್ದರು. ನಮ್ಮ ಗೋಡೆ ಅದಕ್ಕೆ ಉಲ್ಟಾ, ಕರೆಂಟ್ ಹರಿಯುವ ಕಡೆಗೆ ಹೋಗುತ್ತದೆ. "ಏನ್ ಮಾರಾಯಾ, ಕೇಬಲ್ ತಿರುಗಾ ಮುರುಗಾ ಆಗೇತೇನು?" ಅಂದ ಧಾರವಾಡದ ಗೆಳೆಯ. ಕೇಬಲ್ ಸರಿಯಾಗಿಯೇ ಇತ್ತು. ಇಲ್ಲಿ ತಳ್ಳುವ ಕೆಲಸದ ಬಹುಭಾಗ ಕೆಳಗಿನ ಪ್ಲಾಟಿನಂನದು. ಸ್ಪಿನ್ ಹಾಲ್ ಪರಿಣಾಮದಿಂದ (ಕರೆಂಟ್ ಹರಿದಾಗ ಎಲೆಕ್ಟ್ರಾನ್‌ಗಳು ತಮ್ಮ ಸ್ಪಿನ್, ಅಂದರೆ ಪುಟ್ಟ ಕಾಂತತೆಯ ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ಬದಿಗೆ ಸರಿಯುವುದು) ಅದು ಸ್ಪಿನ್‌ಗಳನ್ನು ಕೋಬಾಲ್ಟಿಗೆ ಮೇಲಕ್ಕೆ ಕಳಿಸುತ್ತದೆ. ಪ್ಲಾಟಿನಂ ಪಕ್ಕದಲ್ಲಿರುವುದರಿಂದ ಗೋಡೆಗಳೆಲ್ಲ ಒಂದೇ ಬಗೆಯಲ್ಲಿ ತಿರುಚಿಕೊಂಡಿರುತ್ತವೆ, ಅದಕ್ಕೇ ಎರಡೂ ಒಟ್ಟಿಗೆ ಓಡುತ್ತವೆ.

ವೇಗ ಅಳೆಯುವಾಗ ದೂರವನ್ನು ಒಂದು ಪಲ್ಸಿನ ಉದ್ದದಿಂದ ಭಾಗಿಸಿದರೆ ಸಾಲದು. ಪಲ್ಸ್ ಏರುವ, ಇಳಿಯುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಬೇರೆ ಬೇರೆ ಉದ್ದದ ಪಲ್ಸ್ ಕೊಟ್ಟು, ದೂರಗಳ ಗ್ರಾಫ್ ಹಾಕಿ, ಆ ಗೆರೆಯ ಇಳಿಜಾರನ್ನು ವೇಗ ಅಂತ ತೆಗೆದುಕೊಳ್ಳುತ್ತೇನೆ.