ಪೋರ್ಚುಗಲ್ ಡಿ7, ವಕೀಲರಿಲ್ಲದೆ: ಕಾರ್ಡ್ ಕೈಗೆ ಬಂದ ಮೇಲೆ ಬರೆದದ್ದು

ಡಿ7 ಅಂದರೆ ಬಾಡಿಗೆ, ಬಡ್ಡಿಯಂಥ ಸ್ಥಿರ ಆದಾಯ ತೋರಿಸಿ ಪೋರ್ಚುಗಲ್‌ನಲ್ಲಿ ನೆಲೆಸಲು ಪಡೆಯುವ ವೀಸಾ. ವಕೀಲರಿಲ್ಲದೆ ಅದು ಆಗಲ್ಲ, ಅದರಲ್ಲೂ ಊರಿನ ಮನೆ ಬಾಡಿಗೆ ಮತ್ತು ಎಫ್‌ಡಿ ಬಡ್ಡಿ ತೋರಿಸಿಕೊಂಡು ಹೋದರೆ ವಾಪಸ್ ಬರುವುದು ಖಚಿತ ಎಂದವರೇ ಹೆಚ್ಚು. ಎರಡು ವರ್ಷದ ವಾಸದ ಪರವಾನಗಿ ಕಾರ್ಡ್ ಈಗ ಜೇಬಲ್ಲಿದೆ. ವಕೀಲರು ಕೇಳಿದ್ದು ಎರಡೂವರೆ ಸಾವಿರ ಯೂರೋ ಆಸುಪಾಸು. ವಿಮಾನ, ಬಾಡಿಗೆ ಬಿಟ್ಟರೆ ನನಗೆ ಖರ್ಚಾದದ್ದು ಏಳುನೂರರ ಒಳಗೆ, ಅದರಲ್ಲೂ ನೂರಕ್ಕೂ ಮೇಲೆ ನನ್ನ ಆತುರಕ್ಕೆ ತೆತ್ತ ದಂಡ.

ಮೊದಲು ಆದಾಯ. 2025ರಲ್ಲಿ ತಿಂಗಳಿಗೆ 870 ಯೂರೋ ತೋರಿಸಬೇಕಿತ್ತು, ಅಂದರೆ ಅಲ್ಲಿನ ಕನಿಷ್ಠ ವೇತನ. 2026ಕ್ಕೆ ಅದು 920. ಸಂಗಾತಿಗೆ ಅದರ ಅರ್ಧ, ಮಗುವಿಗೆ ಶೇ. 30 ಸೇರಿಸಿಕೊಳ್ಳಿ. ದೂರದಿಂದ ಕೆಲಸ ಮಾಡಿ ಸಂಬಳ ಪಡೆಯುವವರ ದಾರಿ ಡಿ8, ಅಲ್ಲಿ ನಾಲ್ಕು ಪಟ್ಟು. ನಾನು ಎಡವಿದ್ದು ಎಫ್‌ಡಿಯಲ್ಲಿ. ಎಲ್ಲವೂ ಕ್ಯುಮುಲೇಟಿವ್ ಆಗಿದ್ದವು. ಬಡ್ಡಿ ಬೆಳೆಯುತ್ತಿತ್ತು, ಆದರೆ ಸ್ಟೇಟ್‌ಮೆಂಟ್‌ನಲ್ಲಿ ಒಂದು ರೂಪಾಯಿಯೂ ಬಿದ್ದಿರಲಿಲ್ಲ. ಫೈಲ್ ನೋಡುವವರಿಗೆ ಬೇಕಿರುವುದು ತಿಂಗಳು ತಿಂಗಳು ಖಾತೆಗೆ ಜಮಾ ಆದ ಸಾಲು. ಅವಧಿಗೆ ಮುಂಚೆ ಮುರಿಸಿ, ಸ್ವಲ್ಪ ಬಡ್ಡಿ ಕಳೆದುಕೊಂಡು, ಮಾಸಿಕ ಪಾವತಿಗೆ ಹಾಕಿಸಿ ಆರು ತಿಂಗಳು ಕಾದೆ. ಟಿಡಿಎಸ್ ಕಡಿತವಾದ ಮೇಲೆ ಉಳಿಯುವ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಿರಿ. ರೂಪಾಯಿ ಯಾವಾಗ ಜಾರುತ್ತೋ ಗೊತ್ತಿಲ್ಲ, ಶೇ. 20ರಷ್ಟು ಹೆಚ್ಚೇ ಇರಲಿ.

ಬಾಡಿಗೆಯದು ಬೇರೆ ರಗಳೆ. ನಮ್ಮಲ್ಲಿ ಕರಾರು ಹನ್ನೊಂದು ತಿಂಗಳಿನದು. ಅರ್ಜಿ ಹಾಕುವ ಹೊತ್ತಿಗೆ ಮೂರೇ ತಿಂಗಳು ಉಳಿದಿದ್ದರೆ ಅದನ್ನು ಯಾರು ಸ್ಥಿರ ಆದಾಯ ಅಂತ ನಂಬುತ್ತಾರೆ? ಮೂರು ವರ್ಷಕ್ಕೆ ರಿಜಿಸ್ಟರ್ ಮಾಡಿಸಿದೆ. ಕನ್ನಡದಲ್ಲಿ ಬರೆಸಿದ್ದರೆ ಅನುವಾದದ ಖರ್ಚೂ ಸೇರುತ್ತೆ.

ಇಡೀ ಫೈಲ್‌ನಲ್ಲಿ ಜೀವ ತಿಂದದ್ದು ಹೆಸರು. ಇನಿಷಿಯಲ್ ಬಿಡಿಸಿ ಗಿವನ್ ನೇಮ್‌ನಲ್ಲೇ ಎಲ್ಲ ತುಂಬಿ, ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್ ನಮ್ಮಲ್ಲಿ ಎಷ್ಟು ಜನರ ಬಳಿ ಇಲ್ಲ! ಪೋರ್ಚುಗೀಸ್ ಫಾರ್ಮ್‌ಗೆ ಮನೆತನದ ಹೆಸರು ಬೇಕೇ ಬೇಕು. ನಿಫ್, ಅಂದರೆ ಅಲ್ಲಿನ ತೆರಿಗೆ ಸಂಖ್ಯೆ, ಒಂದು ಕ್ರಮದಲ್ಲಿ ಬಂತು, ಬ್ಯಾಂಕ್ ಖಾತೆ ತಿರುಗುಮುರುಗಾಗಿ, ಮನೆ ಕರಾರು ಬರೀ ಇನಿಷಿಯಲ್‌ನಲ್ಲಿ. ಮೂರನ್ನೂ ಪಾಸ್‌ಪೋರ್ಟ್‌ನ ಗಿವನ್ ನೇಮ್ ಸಾಲಿನಂತೆ ಅಕ್ಷರ ಬಿಡದೆ ತಿದ್ದಿಸಲು ಒಂದೂವರೆ ತಿಂಗಳು. ನಿಫ್ ಅರ್ಜಿ ಕೊಡುವಾಗಲೇ ಇದನ್ನು ಪಟ್ಟು ಹಿಡಿದು ಹೇಳಿ. ಮಿಕ್ಕಿದ್ದೆಲ್ಲ ಅದರ ನಕಲಿನಂತೆ ಬರುತ್ತೆ.

ಮನೆ ಕರಾರು ಇದ್ದರೆ ಸಾಲದು, ಮಾಲೀಕರು ಅದನ್ನು ಫಿನಾನ್ಸಾಸ್‌ನಲ್ಲಿ, ಅಂದರೆ ತೆರಿಗೆ ಇಲಾಖೆಯಲ್ಲಿ, ನೋಂದಾಯಿಸಿದ ರಸೀದಿಯೂ ಬೇಕು. ಮುದ್ರಾಂಕ ತೆರಿಗೆ ಒಂದು ತಿಂಗಳ ಬಾಡಿಗೆಯ ಶೇ. 10. ಅದನ್ನು ನಾನೇ ಕಟ್ಟುತ್ತೇನೆ ಎಂದರೂ ಇಬ್ಬರು ಬಗ್ಗಲಿಲ್ಲ, ಯಾಕೆಂದರೆ ನೋಂದಾಯಿಸಿದರೆ ಬಾಡಿಗೆಯೇ ತೆರಿಗೆ ಲೆಕ್ಕಕ್ಕೆ ಬರುತ್ತೆ. ಮೂರನೆಯವರು ಒಪ್ಪಿದರು. ಏನು ಹೇಳಿ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯಲ್ಲ, ಎಲ್ಲರೂ ಅದನ್ನೇ ಹೇಳಲು ಶುರು ಮಾಡಿದರೆ ಅದೂ ಸವೆದುಹೋಗುತ್ತೆ.

ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಕೊನೆಗೆ ಮಾಡಿಸಿ. ನಾನು ಮೊದಲೇ ಮಾಡಿಸಿ ಅಪೊಸ್ಟಿಲ್, ಅಂದರೆ ದಾಖಲೆ ಹೊರದೇಶದಲ್ಲಿ ನಡೆಯಲು ಬೇಕಾದ ಸರ್ಕಾರಿ ಮುದ್ರೆ, ಹಾಕಿಸಿದೆ. ಎಫ್‌ಡಿ ಸರಿಹೋಗುವಷ್ಟರಲ್ಲಿ ಅದು ಹಳಸಿತ್ತು, ಎರಡನೇ ಸಲ ದುಡ್ಡು. ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಶುಲ್ಕ ಐವತ್ತು ರೂಪಾಯಿ, ಏಜೆನ್ಸಿಯ ಬಿಲ್ ಅದರ ಎಷ್ಟೋ ಪಟ್ಟು. ಪ್ರಯಾಣ ವಿಮೆ ಷೆಂಗೆನ್ ವೀಸಾಕ್ಕೆ ಕೇಳುವ 30,000 ಯೂರೋ ಲೆಕ್ಕದ್ದು. ಪೋರ್ಚುಗಲ್‌ನಲ್ಲಿ ನಿಮ್ಮ ಅಪರಾಧ ದಾಖಲೆ ಪರಿಶೀಲಿಸಲು ಒಪ್ಪಿಗೆ ಪತ್ರಕ್ಕೆ ಸಹಿ ಮರೆಯಬೇಡಿ.

ಒಂದು ಪ್ರಯೋಗ ಮಾಡಿದೆ: ಆದಾಯದ ಪ್ರತಿ ಜಮೆಯನ್ನೂ ಹಳದಿ ಮಾರ್ಕರ್‌ನಲ್ಲಿ ಬಳಿದು, ಬಾಡಿಗೆಗೆ ‘ಬಾ’ ಬಡ್ಡಿಗೆ ‘ಬ’ ಎಂದು ಅಂಚಿನಲ್ಲಿ ಗುರುತು ಹಾಕಿ, ಪುಟ ಸಂಖ್ಯೆಯ ಪಟ್ಟಿ ಮಾಡಿದೆ. ಆಮೇಲೆ ಹೊಳೆಯಿತು, ಓದುವವರಿಗೆ ಕನ್ನಡ ಬರಲ್ಲ. ರೋಮನ್ ಅಕ್ಷರ ಹಾಕಿ ಮತ್ತೆ ಮೂವತ್ತು ಚಿಲ್ಲರೆ ಪುಟ ಪ್ರಿಂಟ್. ಆದರೆ ಕೌಂಟರ್‌ನಲ್ಲಿ ಆದಾಯದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ವೀಸಾ 120 ದಿನದ್ದು, ಎರಡು ಪ್ರವೇಶ. ಅಷ್ಟರೊಳಗೆ ಹೋಗಿ ಐಮಾದಲ್ಲಿ, ಅಂದರೆ ಅಲ್ಲಿನ ವಲಸೆ ಸಂಸ್ಥೆಯಲ್ಲಿ, ಬೆರಳಚ್ಚು ಕೊಡಬೇಕು. 2023ರ ಅಕ್ಟೋಬರ್‌ನಲ್ಲಿ ಹಳೆಯ ಎಸ್‌ಇಎಫ್ ಹೋಗಿ ಬಂದ ಸಂಸ್ಥೆ ಇದು. ಹಳೆಯ ಮಾರ್ಗದರ್ಶಿಗಳಲ್ಲಿ ಎಸ್‌ಇಎಫ್ ಅಂತಲೇ ಇರುತ್ತೆ, ಗಲಿಬಿಲಿಯಾಗಬೇಡಿ. ಅಲ್ಲಿ ವಿಳಾಸ ಬರೆಸುವಾಗ ಮಹಡಿಯ ಜೊತೆ ಎಡವೋ ಬಲವೋ ಇರಲೇಬೇಕು: ‘2º ಎಸ್ಕ್’ ಎಂದರೆ ಎರಡನೇ ಮಹಡಿ ಎಡಗಡೆ, ‘ಡಿಟಿಒ’ ಬಲಗಡೆ. ಕಾರ್ಡ್ ಅಂಚೆಯಲ್ಲಿ ಬರುವುದು, ಬಾಗಿಲು ಗೊತ್ತಾಗದಿದ್ದರೆ ವಾಪಸ್ ಹೋಗುತ್ತೆ.

ಕಾರ್ಡ್ ಸಿಕ್ಕ ಕೂಡಲೇ ಫಿನಾನ್ಸಾಸ್‌ನಲ್ಲಿ ವಿಳಾಸ ಪೋರ್ಚುಗಲ್‌ಗೆ ಬದಲಿಸಿ, ನಿಫ್ ಮಾಡಿಸಿಕೊಟ್ಟ ಪ್ರತಿನಿಧಿಯನ್ನು ಕೈಬಿಡಿ. ತಡ ಮಾಡಿದರೆ ಅವರ ಎರಡನೇ ವರ್ಷದ ಶುಲ್ಕದ ಬಿಲ್ ಬರುತ್ತೆ. ನನಗೆ ಬಂತು, ಕಟ್ಟಿದೆ.